ನಲವತ್ತೊಂದು ಆಯುಧ, ಒಂದೂ ಕುಡುಗೋಲಿಲ್ಲ

ಕಂಪ್ಯೂಟರ್ ಆಟಕ್ಕೆ ಕತ್ತಿ ಗುರಾಣಿ ಬರೆಯುವುದು ಹುಡುಗಾಟಿಕೆಯ ಮಾತು, ಸಾಹಿತ್ಯದ ವಾರ್ಷಿಕದಲ್ಲಿ ಅದಕ್ಕೇಕೆ ಜಾಗ ಎಂದು ಕೇಳುವವರಿದ್ದಾರೆ. ಅವರಲ್ಲಿ ನನ್ನ ಸ್ನೇಹಿತರೂ ಉಂಟು. ಯಕ್ಷಗಾನದಲ್ಲಿ ಕರ್ಣನ ಕಿರೀಟ ಹೇಗಿರಬೇಕೆಂದು ಬೆಳಗಿನವರೆಗೆ ಜಗಳವಾಡಬಲ್ಲ ಈ ಮಹನೀಯರು, ಅದೇ ಬಗೆಯ ಪ್ರಶ್ನೆಯನ್ನು ಒಬ್ಬ ಹುಡುಗ ಕಂಪ್ಯೂಟರಿನ ಮುಂದೆ ಕೂತು ಕೇಳಿದರೆ ಮುಖ ತಿರುಗಿಸುತ್ತಾರೆ. ಇನ್ನೊಂದು ಕಡೆ ಆ ಹುಡುಗರಿದ್ದಾರೆ. ಅವರ ಆಟಕ್ಕೆ ನಮ್ಮ ಊರಿನ ಹೆಸರು, ಗುಡ್ಡದ ಹೆಸರು, ದೇವರ ಹೆಸರು ಎಲ್ಲವೂ ಬೇಕು. ಕತ್ತಿ ಮಾತ್ರ ಜಪಾನಿನದೇ ಆಗಬೇಕು. ಈ ಎರಡೂ ಕಡೆಯವರ ಮೇಲೆ ನನ್ನ ತಕರಾರಿದೆ. ಎರಡನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ.

ನನ್ನದು ಜವಳಗಿರಿ. ತಳಿಯಿಂದ ಕಾಡಿನ ಕಡೆ ತಿರುಗಿದರೆ ಸಿಗುವ ಊರು; ಜಿಲ್ಲೆ ಕೃಷ್ಣಗಿರಿ, ರಾಜ್ಯ ತಮಿಳುನಾಡು, ಮನೆಯೊಳಗಿನ ಮಾತು ಕನ್ನಡ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ನಮ್ಮ ಹೊಸೂರು ಸೀಮೆ ಮದ್ರಾಸಿನಲ್ಲೇ ಉಳಿಯಿತು. ಆದ್ದರಿಂದ ಈ ಪತ್ರಿಕೆಯ ಓದುಗರಿಗೆ ಗಡಿನಾಡು ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ. ನನ್ನ ಅಕ್ಕನ ಮಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಾನೆ. ರಾತ್ರಿ ಪಾಳಿ ಇಲ್ಲದ ದಿನ ಇಬ್ಬರು ಗೆಳೆಯರನ್ನು ಕೂಡಿಕೊಂಡು ಒಂದು ಆಟ ಕಟ್ಟುತ್ತಿದ್ದಾನೆ. ಕಂಪನಿಯಿಲ್ಲ, ಬಂಡವಾಳವಿಲ್ಲ, ಇನ್ನೂ ಹೆಸರೂ ಇಟ್ಟಿಲ್ಲ. ಪಾತ್ರ ವಹಿಸಿ ಆಡುವ ಬಗೆಯ ಆಟ ಅದು. ಆಡುವವನು ಒಂದು ವೇಷ ತೊಟ್ಟು, ಆಯುಧ ಹಿಡಿದು, ಊರೂರು ಸುತ್ತಿ, ಸಿಕ್ಕವರೊಡನೆ ಮಾತಾಡಿ, ಬೇಕಾದಲ್ಲಿ ಕಾದಾಡಿ, ತನ್ನ ಕಥೆಯನ್ನು ತಾನೇ ನಡೆಸಿಕೊಂಡು ಹೋಗುತ್ತಾನೆ. ನಿಮ್ಮ ಕರಾವಳಿಯಲ್ಲಿ ಯಕ್ಷಗಾನಕ್ಕೂ ಆಟ ಎಂದೇ ಅನ್ನುತ್ತೀರಿ. ಪದ ಒಂದೇ ಆದದ್ದು ಕಾಕತಾಳೀಯವಿರಬಹುದು, ನನಗಂತೂ ಅದು ಅನುಕೂಲ.

ಅವನು ತನ್ನ ಆಯುಧಗಳ ಪಟ್ಟಿ ತಂದು ತೋರಿಸಿದ. ನಲವತ್ತೊಂದು ಆಯುಧ. ಜಪಾನಿನ ಕಟಾನ ಇತ್ತು, ಸ್ಕಾಟ್‌ಲೆಂಡಿನ ಎರಡು ಕೈ ಖಡ್ಗ ಇತ್ತು, ಯುರೋಪಿನ ಅಡ್ಡಬಿಲ್ಲು ಇತ್ತು, ಬೆಂಕಿ ಉಗುಳುವ ದಂಡ, ಮಂಜು ಉಗುಳುವ ದಂಡ ಎಲ್ಲ ಇದ್ದವು. ಒಂದೊಂದರ ಮುಂದೆಯೂ ಅಂಕಿಗಳು: ಏಟಿನ ಬಲ ಎಷ್ಟು, ತೂಕ ಎಷ್ಟು, ಎಷ್ಟು ದೂರ ಮುಟ್ಟುತ್ತದೆ, ಮತ್ತೆ ಬೀಸಲು ಎಷ್ಟು ಹೊತ್ತು. "ಕುಡುಗೋಲು ಎಲ್ಲಪ್ಪ?" ಎಂದೆ. "ಅದು ಆಯುಧಾನಾ ಮಾವ?" ಎಂದು ನಕ್ಕ.

ಆ ನಗುವಿನ ಮೇಲೆಯೇ ನನ್ನ ಈ ಲೇಖನ.

ಮೊದಲು ಲೆಕ್ಕದ ಮಾತು. ಚಿತ್ರ ಬರೆದು ಮಾಡುವ ಆಟದಲ್ಲಿ ವೀರ ಎಂಟು ದಿಕ್ಕಿಗೆ ಮುಖ ಮಾಡುತ್ತಾನೆ. ಆಯುಧ ಎತ್ತುವುದು, ಬೀಸುವುದು, ತಡೆಯುವುದು, ಏಟು ತಿಂದು ಹಿಂಜರಿಯುವುದು ಎಂದು ಕಡೇಪಕ್ಷ ನಾಲ್ಕು ಚಲನೆ. ಚಲನೆಯೊಂದಕ್ಕೆ ಆರು ಚಿತ್ರ ಎಂದಿಟ್ಟುಕೊಂಡರೂ ಒಂದು ಆಯುಧಕ್ಕೆ 192 ಚಿತ್ರ, ನಲವತ್ತೊಂದಕ್ಕೆ 7,872. ಬರೆಯುವವರು ಮೂವರು, ಅವರಲ್ಲಿ ಕೈಬರಹ ಚೆನ್ನಾಗಿರುವವನು ಒಬ್ಬ. ದೊಡ್ಡ ಕಂಪನಿಗಳು ಇಂಥ ಪಟ್ಟಿ ಮಾಡುವುದು ನೂರಾರು ಜನ ಸಂಬಳದ ಮೇಲೆ ಕೂತಿರುವುದರಿಂದ. ಬಡವನ ಆಟ ಆ ಪಟ್ಟಿಯನ್ನು ನಕಲು ಮಾಡಿದರೆ ಸಿಗುವುದು ನಲವತ್ತೊಂದು ಆಯುಧವಲ್ಲ. ನಲವತ್ತೊಂದು ಹೆಸರು ಹೊತ್ತ ಒಂದೇ ಆಯುಧ. ಆಡುವವನು ಅರ್ಧ ಗಂಟೆಯಲ್ಲಿ ಅದನ್ನು ಕಂಡುಹಿಡಿಯುತ್ತಾನೆ.

ದೊಡ್ಡವರು ಮಾಡಿದರೂ ನಮಗೆ ಏನು ದಕ್ಕುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 'ಏಜ್ ಆಫ್ ಎಂಪೈರ್ಸ್' ಎಂಬ ಆಟದ ಎರಡನೆಯ ಭಾಗಕ್ಕೆ 2022ರಲ್ಲಿ ಭಾರತದ ರಾಜವಂಶಗಳ ಒಂದು ಸೇರ್ಪಡೆ ಬಂತು. ಅದರಲ್ಲಿ 'ದ್ರಾವಿಡರು' ಎಂಬ ಒಂದು ಜನಾಂಗ. ಅವರ ವಿಶೇಷ ಸೈನಿಕ ಉರುಮಿ ಬೀಸುವವನು. ಅವರ ವಿಶೇಷ ವಿದ್ಯೆಗಳಲ್ಲೊಂದು ಉಕ್ಕು, ಅದನ್ನು ಕಲಿತರೆ ಎದುರಾಳಿಯ ಕವಚ ಲೆಕ್ಕಕ್ಕೇ ಬರುವುದಿಲ್ಲ. ಹುಡುಗರು ಇದನ್ನು ನೋಡಿ ಕುಣಿದಾಡಿದರು. ನಮ್ಮದೂ ಬಂತು ಎಂದರು. ಯಾರದು ಬಂತು? ಉರುಮಿ ಮಲಯಾಳದ ಕಳರಿಯದು. ಸೈನಿಕ ಓಗೊಡುವುದು ತಮಿಳಿನಲ್ಲಿ. ಕನ್ನಡದವನಿಗೆ ಆ ಪಂಕ್ತಿಯಲ್ಲಿ ಪ್ರತ್ಯೇಕ ಎಲೆಯೇ ಇಲ್ಲ. ತಮಿಳಿನ ಮೇಲೆ ನನಗೆ ಕೋಪವಿಲ್ಲ. ಹಗಲೆಲ್ಲ ಅದರಲ್ಲೇ ವ್ಯಾಪಾರ ಮಾಡಿ ಬದುಕುವವನು ನಾನು. ನಾಲ್ಕು ಭಾಷೆಯ ಕಾದಾಟವನ್ನು ಒಂದು ಬಳುಕುವ ಕತ್ತಿಗೆ ಕಟ್ಟಿ ಕೊಟ್ಟರೆ ನಾವು ಕೈಮುಗಿದು ಇಸಿದುಕೊಳ್ಳುತ್ತೇವಲ್ಲ, ನನ್ನ ಕೋಪ ಅದರ ಮೇಲೆ.

ಆಯುಧ ಎಂದರೇನೆಂದು ತಿಳಿಯಬೇಕಾದರೆ ಮಲಯಾಳದ ಓದುಗರು ತಮ್ಮ ವಡಕ್ಕನ್ ಪಾಟ್ಟನ್ನೇ ನೆನೆಯಲಿ. ಆರೋಮಲ್ ಚೇಕವರ್ ಅರಿಂಙೋಡರ್ ಮೇಲೆ ಅಂಕಕ್ಕೆ ಇಳಿದಾಗ ಅವನ ಚುರಿಕೆ ಮುರಿಯುತ್ತದೆ. ಏಕೆ ಮುರಿಯಿತು? ಕಬ್ಬಿಣದ ಆಣಿ ಇರಬೇಕಾದಲ್ಲಿ ಬಿದಿರಿನ ಆಣಿ ಇತ್ತು ಎನ್ನುತ್ತದೆ ಪಾಟ್ಟು. ಕಮ್ಮಾರನಿಗೆ ಲಂಚ ಕೊಟ್ಟು ಹಾಗೆ ಮಾಡಿಸಿದವನು ಚಂತು ಎಂಬುದು ಹಳೆಯ ಮಾತು, 1989ರಲ್ಲಿ ಎಂ. ಟಿ. ವಾಸುದೇವನ್ ನಾಯರ್ 'ಒರು ವಡಕ್ಕನ್ ವೀರಗಾಥ'ದ ಚಿತ್ರಕಥೆ ಬರೆದು, ಆ ಚಂತುವಿನ ಕಡೆಯಿಂದಲೇ ಇಡೀ ಕಥೆಯನ್ನು ತಿರುವಿಹಾಕಿದರು. ನೂರಾರು ವರ್ಷ ಒಂದು ನಾಡು ಒಂದು ಆಣಿಯ ಬಗ್ಗೆ ಜಗಳವಾಡಿತು. ನಂಬಿಕೆ, ದ್ರೋಹ, ಕುಲದ ಗರ್ವ, ಕಮ್ಮಾರನ ಬಡತನ ಎಲ್ಲ ಆ ಆಣಿಯೊಳಗೆ ಇವೆ. ತುಳುನಾಡಿನ ಗರಡಿಗಳಲ್ಲಿ ಕೋಟಿ ಚೆನ್ನಯರ ಸುರಿಗೆಗೆ ಇಂದಿಗೂ ಮರ್ಯಾದೆ ಸಲ್ಲುವುದು ಅದರ ಏಟಿನ ಬಲ ಎಷ್ಟೆಂದು ಅಳೆದು ಅಲ್ಲ. ಅಂಥ ಒಂದು ಆಯುಧವನ್ನು ಆಟದಲ್ಲಿ ಮಾಡಿ ತೋರಿಸಲಿ. ಆಣಿ ಹಾಕಿದವನು ಯಾರು, ನೀನು ಅವನಿಗೆ ಕೂಲಿ ಸರಿಯಾಗಿ ಕೊಟ್ಟೆಯಾ ಎಂಬುದರ ಮೇಲೆ ಕತ್ತಿ ನಿಲ್ಲುವುದೋ ಮುರಿಯುವುದೋ ತೀರ್ಮಾನವಾಗಲಿ. ಅಂಕಿ ಸಂಖ್ಯೆಗಳ ಪಟ್ಟಿಯಲ್ಲಿ ಆ ಒಂದು ಕಲಂ ಇಲ್ಲವಲ್ಲ!

ಕೆಲವರು ಇನ್ನೊಂದು ದಾರಿ ಹಿಡಿದಿದ್ದಾರೆ. ವಿದೇಶಿ ಕತ್ತಿ ಬೇಡವೇ, ಪುರಾಣವಿದೆಯಲ್ಲ ಎನ್ನುತ್ತಾರೆ. 2020ರಲ್ಲಿ ಪುಣೆಯ ತಂಡವೊಂದು 'ರಾಜಿ' ಎಂಬ ಆಟ ಮಾಡಿತು. ದೊಂಬರ ಹುಡುಗಿಯೊಬ್ಬಳು ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುವ ಕಥೆ; ತೊಗಲುಗೊಂಬೆಯ ರೀತಿಯಲ್ಲಿ ಕಥೆ ಹೇಳುವ ದೃಶ್ಯಗಳು ಕಣ್ಣಿಗೆ ಹಬ್ಬ. ಆ ಕೆಲಸಕ್ಕೆ ನನ್ನ ಗೌರವವಿದೆ. ಆದರೆ ಅವಳ ತ್ರಿಶೂಲ ದೇವಿ ಕೊಟ್ಟದ್ದು. ದೇವರು ಕೊಟ್ಟ ಆಯುಧಕ್ಕೆ ಬೆಲೆಯಿಲ್ಲ, ಸವಕಳಿಯಿಲ್ಲ, ಸಾಣೆ ಹಿಡಿಯುವವನ ಹಂಗಿಲ್ಲ. ಒಂದು ಆಟ ಹಾಗಿದ್ದರೆ ಚಂದ. ಸ್ವದೇಶಿ ಎಂದರೆ ಇಷ್ಟೇ ಎಂದು ಎಲ್ಲರೂ ಬ್ರಹ್ಮಾಸ್ತ್ರ, ಪಾಶುಪತಾಸ್ತ್ರ ಎಂದು ಹೊರಟರೆ, ಕಟಾನ ಹೋಗಿ ಅಸ್ತ್ರ ಬಂತು ಅಷ್ಟೆ. ಊರಿನ ಮನುಷ್ಯ ಎರಡರಲ್ಲೂ ಕಾಣೆ.

ಊರಿನ ಮನುಷ್ಯ ಎಲ್ಲಿದ್ದಾನೆ? ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಎಷ್ಟೋ ಕಡೆ ಬಟ್ಟೆ ಒಗೆಯುವ ಕಲ್ಲಾಗಿ ನಿಂತಿದ್ದಾನೆ. ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಯ ಸುತ್ತ ವೀರಗಲ್ಲುಗಳಿವೆ. ತಮಿಳಿನಲ್ಲಿ ನಡುಕಲ್ ಎನ್ನುತ್ತಾರೆ. ಕೆಲವು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿವೆ. ಕೆಲವು ಕಲ್ಲಿನ ಮಾತು ತಮಿಳು, ಕೆಲವು ಕಲ್ಲಿನದು ಕನ್ನಡ. ಅವುಗಳ ಕೆತ್ತನೆಯನ್ನು ನಿಂತು ನೋಡಿರಿ. ಬಿಲ್ಲು, ಬಾಣ, ಕತ್ತಿ, ಗುರಾಣಿ, ಸೊಂಟದಲ್ಲಿ ಒಂದು ಕಿರುಗತ್ತಿ. ಮುಗಿಯಿತು ಪಟ್ಟಿ. ಸತ್ತವನ ಮೈಗೆ ನಾಟಿದ ಬಾಣಗಳನ್ನೂ ಎಷ್ಟೋ ಕಲ್ಲಿನಲ್ಲಿ ಕೆತ್ತಿರುತ್ತಾರೆ. ಇಷ್ಟು ಕಡಿಮೆ ಆಯುಧದಲ್ಲಿ ಸಾವಿರ ವರ್ಷ ಕಥೆ ಹೇಳಿದವರು ನಮ್ಮವರು.

ಕಾದಾಟದ ಕಾರಣಗಳಿಗಾದರೋ ಬಡತನವಿಲ್ಲ. ದನ ಹೊಡೆದುಕೊಂಡು ಹೋದಾಗ ನಡೆದದ್ದು ತುರುಗೊಳ್. ಊರಿಗೆ ಬೆಂಕಿ ಬಿದ್ದಾಗ ಊರಳಿವು. ಹೆಂಗಸರ ಮೇಲೆ ಕೈ ಮಾಡಿದಾಗ ಪೆಣ್ಬುಯ್ಯಲ್. ಹುಲಿಯೊಡನೆ ಸೆಣಸಿ ಸತ್ತವನಿಗೂ ಕಲ್ಲಿದೆ, ಹಂದಿಬೇಟೆಯಲ್ಲಿ ಸತ್ತವನಿಗೂ ಕಲ್ಲಿದೆ. ಆತಕೂರಿನ ಶಾಸನವನ್ನು ಕನ್ನಡ ಓದಿದವರೆಲ್ಲ ಬಲ್ಲರು. ತಕ್ಕೋಲದ ಯುದ್ಧ ಗೆದ್ದ ಮೇಲೆ, ಕ್ರಿ.ಶ. 949-50ರ ಸುಮಾರಿನಲ್ಲಿ ಹುಟ್ಟಿದ ಕಲ್ಲು ಅದು. ಮೆಚ್ಚಿದೆ, ಏನು ಬೇಕೋ ಕೇಳು ಎಂದಾಗ ಮಣಲೆರ ಎಂಬ ವೀರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ; ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಡಿಸಿದ. ತಮಿಳಿನ ಕಡೆಯೂ, ತಿರುವಣ್ಣಾಮಲೆ ಜಿಲ್ಲೆಯ ಎಡುತ್ತನೂರಿನಲ್ಲಿ, ಏಳನೆಯ ಶತಮಾನದ ಒಂದು ನಡುಕಲ್ಲಿನ ಮೇಲೆ ಒಡೆಯನ ಪಕ್ಕದಲ್ಲಿ ಅವನ ನಾಯಿ ನಿಂತಿದೆ, ಹೆಸರಿನ ಸಮೇತ. ಆಟದ ಹುಡುಗರು ವೀರನ ಜೊತೆಗೆ ಒಂದು ತೋಳವನ್ನೋ ಡ್ರ್ಯಾಗನ್ ಮರಿಯನ್ನೋ ಕೊಡುತ್ತಾರೆ. ಕಾಳಿಯನ್ನು ಬಿಟ್ಟು ಡ್ರ್ಯಾಗನ್ ತರುವವನ ಬುದ್ಧಿಗೆ ಏನೆನ್ನಬೇಕು?

ಇನ್ನು ಗಮನಿಸಬೇಕಾದದ್ದು ಸಾವು. ಈಗಿನ ಆಟಗಳಲ್ಲಿ ಸಾವು ಎಂದರೆ ಪರದೆ ಒಂದು ಕ್ಷಣ ಕೆಂಪಾಗುವುದು, ಗುಂಡಿ ಒತ್ತಿದರೆ ಎದ್ದು ಕೂರುವುದು. ವೀರಗಲ್ಲಿನ ಲೆಕ್ಕ ಬೇರೆ. ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ಇದಿಷ್ಟು ಸ್ವರ್ಗದ ಮಾತು. ನೆಲದ ಮೇಲೆ ಅವನ ಮನೆಯವರಿಗೆ ಭೂಮಿ ಸಿಗುತ್ತದೆ. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ನಮ್ಮೂರಿನಿಂದ ಆನೇಕಲ್ ದಾಟಿ ಹೋದರೆ ಬೇಗೂರು. ಅಲ್ಲಿಂದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದ ದೊಡ್ಡ ಕಲ್ಲಿನಲ್ಲಿ, ಗಂಗ ಎರೆಯಪ್ಪನ ಕಡೆಯಿಂದ ನೊಳಂಬ ವೀರಮಹೇಂದ್ರನ ಮೇಲೆ ಕಾದು ತುಂಬೆಪಾಡಿಯಲ್ಲಿ ಸತ್ತ ನಾಗತ್ತರನ ಕಥೆಯಿದೆ. ಆನೆ, ಕುದುರೆ, ಕಾಲಾಳು, ಕೆಳಗೆ ಬಿದ್ದ ಹೆಣಗಳನ್ನು ಕಿತ್ತು ತಿನ್ನುವ ಪ್ರಾಣಿಗಳು, ಎಲ್ಲವನ್ನೂ ಶಿಲ್ಪಿ ಬಿಡದೆ ಕೆತ್ತಿದ್ದಾನೆ. ಸತ್ತ ಮೇಲೆ ಅವನ ಪಟ್ಟ ಇರುಗನಿಗೆ ಸಂದಿತು. ಬೆಂಪೂರು ಹನ್ನೆರಡು ಊರು ಕಲ್ನಾಡಾಗಿ ಅವನಿಗೆ ಸಿಕ್ಕಿತು.

ಇದನ್ನು ಹಾಗೇ ಆಟದ ನಿಯಮ ಮಾಡಬಹುದು ಎಂದು ನಾನು ವಾದಿಸಿದೆ. ವೀರ ಸತ್ತರೆ ಸತ್ತ. ಎದ್ದು ಬರುವಂತಿಲ್ಲ. ಏತಕ್ಕಾಗಿ ಸತ್ತ ಎಂಬುದನ್ನು ನೋಡಿ ಊರಿನವರು ಕಲ್ಲು ನೆಡುತ್ತಾರೆ, ಅಥವಾ ನೆಡುವುದಿಲ್ಲ. ನೆಟ್ಟರೆ ನೆತ್ತರುಗೊಡಗೆಯ ಹೊಲ ಅವನ ಮಗಳಿಗೋ ತಮ್ಮನಿಗೋ ಬರುತ್ತದೆ, ಆಡುವವನು ಮುಂದೆ ಆ ಪಾತ್ರ ತೊಡುತ್ತಾನೆ. ಸುಮ್ಮನೆ ದಾರಿಹೋಕನ ಮೇಲೆ ಕೈ ಮಾಡಿ ಸತ್ತವನಿಗೆ ಕಲ್ಲಿಲ್ಲ, ಹೊಲವಿಲ್ಲ. ಮುಂದಿನ ಪಾತ್ರ ಕೂಲಿಯಿಂದ ಶುರು. ಹೀಗೆ ಮಾಡಿದರೆ ಕುಡುಗೋಲು ಹಿಡಿದು ದನದ ಹಿಂದೆ ಓಡುವ ಹತ್ತು ನಿಮಿಷದಲ್ಲಿ, ಬೆಂಕಿ ಉಗುಳುವ ದಂಡದ ಹತ್ತು ಗಂಟೆಯಲ್ಲಿ ಇಲ್ಲದ ಎದೆಬಡಿತ ಇರುತ್ತದೆ. ಐದು ಆಯುಧ ಸಾಕು. 960 ಚಿತ್ರ. ಮೂವರು ಹುಡುಗರು ಬರೆದು ಮುಗಿಸಬಹುದಾದ ಲೆಕ್ಕ.

"ಕತ್ತಿ ಬಲಪಡಿಸುವುದಕ್ಕೆ ಏನಾದರೂ ಇರಬೇಕಲ್ಲ ಮಾವ" ಎಂದು ಅವನ ಪ್ರಶ್ನೆ. ಇದೆಯಲ್ಲ. ಜಗತ್ತು ವೂಟ್ಸ್ ಎಂದು ಕರೆದ ಲೋಹದ ಹೆಸರು ನಮ್ಮ ಉಕ್ಕು ಎಂಬ ಮಾತಿನಿಂದಲೇ ಹುಟ್ಟಿತು ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ಹೆಸರಿನಲ್ಲೇ ಪ್ರಬಂಧ ಓದಿದರು. ಕಬ್ಬಿಣದ ತುಂಡನ್ನು ತಂಗಡಿಯ ಒಣ ಕಟ್ಟಿಗೆಯ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಮೇಲೆ ಹಸಿರೆಲೆ ಮುಚ್ಚಿ, ಬಾಯಿಗೆ ಮಣ್ಣು ಮೆತ್ತಿ, ತಿದಿ ಒತ್ತಿ ಕಾಸುತ್ತಿದ್ದರು. ಆ ತಂಗಡಿ ಹಳದಿ ಹೂ ಬಿಟ್ಟು ನಮ್ಮ ರಸ್ತೆಯ ಬದಿಯಲ್ಲೆಲ್ಲ ನಿಂತಿದೆ. ಆಟದವನು ಅದನ್ನು ದಿನಾ ತುಳಿದುಕೊಂಡು ಹೋಗಿ, ಪಟ್ಟಿಯಲ್ಲಿ ಮಾತ್ರ 'ಮಾಯಾ ಸ್ಫಟಿಕ' ಎಂದು ಬರೆಯುತ್ತಾನೆ.

ಕಾಲ ಹಳೆಯದೇ ಆಗಬೇಕೆಂದೂ ಇಲ್ಲ. ಮಳೆ ಕಳೆದು ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡು ಜವಳಗಿರಿಯ ಕಾಡಿಗೆ ಇಳಿಯುತ್ತದೆ. ನಮ್ಮ ಸುತ್ತಲ ಕಾಡು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮಕ್ಕೆ ಸೇರಿತು. ಹೊಲದವನು ಅಟ್ಟಣೆಯ ಮೇಲೆ ಕೂತು ರಾತ್ರಿ ಕಳೆಯುತ್ತಾನೆ. ಅವನ ಆಯುಧಗಳು ಡಬರಿ, ಪಟಾಕಿ, ಪಂಜು, ಟಾರ್ಚು, ಗಂಟಲು. ಎದುರಾಳಿಯನ್ನು ಕೊಲ್ಲುವಂತಿಲ್ಲ, ಕೊಲ್ಲುವ ಮನಸ್ಸೂ ಅವನಿಗಿಲ್ಲ; ಬೆಳಗಾಗುವವರೆಗೆ ತೆನೆ ಉಳಿಯಬೇಕು, ತಾನೂ ಉಳಿಯಬೇಕು. ಏಟಿನ ಬಲದ ಅಂಕಿಯೇ ಬೇಡದ ಈ ಕಾದಾಟಕ್ಕಿಂತ ಕಠಿಣವಾದದ್ದನ್ನು ಯಾವ ಕಂಪನಿ ರಚಿಸಿದೆ? ತಪ್ಪು ಆಯುಧ ಹಿಡಿದರೆ ಏನಾಗುತ್ತದೆ ಎಂಬುದೂ ಕಣ್ಣ ಮುಂದಿದೆ. 2023ರ ಮಾರ್ಚಿನಲ್ಲಿ ಪಕ್ಕದ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಹೊಲಕ್ಕೆ ಕಳ್ಳತನದಿಂದ ಹಾಯಿಸಿದ ವಿದ್ಯುತ್ ತಂತಿಗೆ ಸಿಕ್ಕಿ ಮೂರು ಆನೆಗಳು ಸತ್ತವು. ಎರಡು ಮರಿಗಳು ಉಳಿದವು. ಆ ಬೇಲಿಯೂ ಆಟದಲ್ಲಿರಲಿ. ಅಗ್ಗವಾಗಿ, ಸುಲಭವಾಗಿ ಸಿಗುವಂತಿರಲಿ. ಆಡುವವನು ಆರಿಸಿಕೊಳ್ಳಲಿ, ಆಮೇಲೆ ಆ ಮರಿಗಳು ಅವನ ಹೊಲದಲ್ಲೇ ನಿಂತಿರಲಿ.

ಇಂಥದ್ದು ಆಟವಾಗುತ್ತದೆಯೇ, ಯಾರು ಆಡುತ್ತಾರೆ ಎಂದು ಕೇಳುವವರಿಗೆ ಉತ್ತರ ಈಗಾಗಲೇ ಬಂದಿದೆ. 2014ರಲ್ಲಿ ಭೋಪಾಲದ ಸಣ್ಣ ತಂಡವೊಂದು 'ಅನ್‌ರೆಸ್ಟ್' ಎಂಬ ಆಟ ಹೊರತಂದಿತು. ಬರದಿಂದ ಬಳಲುವ ಪ್ರಾಚೀನ ಭಾರತದ ಒಂದು ಕಲ್ಪಿತ ನಗರ ಅದರ ನೆಲೆ, ಅಲ್ಲಿ ಬಹುಪಾಲು ಕೆಲಸ ಮಾತಿನಿಂದಲೇ ನಡೆಯಬೇಕು. 2015ರ 'ಅಂಡರ್‌ಟೇಲ್' ಹೆಚ್ಚುಕಡಿಮೆ ಒಬ್ಬನೇ ಮಾಡಿದ ಆಟ. ಅದರಲ್ಲಿ ಯಾರನ್ನೂ ಕೊಲ್ಲದೆ ಕೊನೆ ಮುಟ್ಟಬಹುದು. 2019ರ 'ಡಿಸ್ಕೋ ಎಲಿಸಿಯಂ' ಮಾಡಿದವರ ಬೇರು ಹದಿಮೂರು ಲಕ್ಷ ಜನರ ಎಸ್ಟೋನಿಯಾದಲ್ಲಿದೆ. ಕಾದಾಟಕ್ಕೆಂದು ಬೇರೆ ವ್ಯವಸ್ಥೆಯನ್ನೇ ಇಡದೆ ಎಲ್ಲವನ್ನೂ ಸಂಭಾಷಣೆಯಲ್ಲಿ ಸಾಧಿಸಿದರು, ಲೋಕವೆಲ್ಲ ತಲೆದೂಗಿತು. ಅದರ ಹಿಂದೆ ಇದ್ದವನು ಒಬ್ಬ ಕಾದಂಬರಿಕಾರ ಎಂಬುದನ್ನು ನಮ್ಮ ಸಾಹಿತಿಗಳ ಗಮನಕ್ಕೆ ತರುತ್ತೇನೆ.

ಈಗ ಸಾಹಿತಿಗಳ ಸರದಿ. ನಮ್ಮ ಮಕ್ಕಳ ಕೈಯಲ್ಲಿ ಕನ್ನಡ ಉಳಿಯುತ್ತಿಲ್ಲ ಎಂದು ಪ್ರತಿ ಸಮ್ಮೇಳನದಲ್ಲೂ ಗೋಳಾಡುತ್ತೇವೆ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕಾ ಕಾಯಿದೆ ಬಂತು, ಕೇರಳದಲ್ಲಿ 2017ರಲ್ಲಿ ಮಲಯಾಳ ಕಡ್ಡಾಯದ ಕಾಯಿದೆ ಬಂತು; ಹೊಸೂರಿನಲ್ಲೂ ಕಾಸರಗೋಡಿನಲ್ಲೂ ಅರ್ಜಿ ಬರೆದೆವು, ಮೆರವಣಿಗೆ ಹೋದೆವು. ಬೇಕಾದದ್ದೇ. ಆದರೆ ಆ ಮಗು ಸಂಜೆ ಮನೆಗೆ ಬಂದು ಎರಡು ಗಂಟೆ ಯಾವ ಲೋಕದಲ್ಲಿರುತ್ತದೆ ಎಂದು ಯಾರಾದರೂ ಇಣುಕಿ ನೋಡಿದಿರಾ? ಆ ಲೋಕದಲ್ಲಿ ಯಾವ ಕಾಯಿದೆಯೂ ಇಲ್ಲ, ಯಾರ ಅಡ್ಡಿಯೂ ಇಲ್ಲ, ಆದರೂ ಕನ್ನಡವಿಲ್ಲ. ಟೊರಾಂಟೊದ ಒಂದು ಸಣ್ಣ ತಂಡ 2023ರಲ್ಲಿ 'ವೆಣ್ಬಾ' ಎಂಬ ಆಟದಲ್ಲಿ ತಮಿಳು ಮನೆಯೊಂದರ ಇಡ್ಲಿ ಪಾತ್ರೆಯನ್ನು ಜಗತ್ತಿನ ಮುಂದಿಟ್ಟಿತು. ನಮ್ಮವರು ಇನ್ನೂ ಆಟ ಕೆಟ್ಟದ್ದೋ ಒಳ್ಳೆಯದೋ ಎಂಬ ಚರ್ಚಾಸ್ಪರ್ಧೆಯಲ್ಲೇ ಇದ್ದಾರೆ.

ತೊಡಕಿಲ್ಲವೆಂದಲ್ಲ. ಆಟ ಕಟ್ಟುವ ಎಷ್ಟೋ ಸಲಕರಣೆಗಳಲ್ಲಿ ನಮ್ಮ ಒತ್ತಕ್ಷರ ಕೂಡುತ್ತಿರಲಿಲ್ಲ; 'ಅಕ್ಕ' ಎಂದು ಬರೆದರೆ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. 2023ರಲ್ಲಿ ಬಂದ ಗೋಡೋ ಎಂಬ ಉಚಿತ ಸಲಕರಣೆಯ ನಾಲ್ಕನೆಯ ಆವೃತ್ತಿಯಲ್ಲಿ ಆ ನೆಪವೂ ಹೋಯಿತು. ಕನ್ನಡ, ಮಲಯಾಳ ಎರಡೂ ನೆಟ್ಟಗೆ ಮೂಡುತ್ತವೆ.

ನನ್ನ ಅಳಿಯ ಪಟ್ಟಿಯನ್ನು ಹನ್ನೊಂದಕ್ಕೆ ಇಳಿಸಿದ್ದಾನೆ. ಕುಡುಗೋಲು ಬಂದಿದೆ, ಕಾಳಿ ಬಂದಿದ್ದಾಳೆ, ಕಟಾನವನ್ನು ಬಿಡಲು ಅವನ ಗೆಳೆಯ ಒಪ್ಪುತ್ತಿಲ್ಲ, ಜಗಳ ನಡೆದಿದೆ. ಈಗ ಅವರಿಗೆ ಬೇಕಾಗಿರುವುದು ಮಾತು. ಗಡಿಯ ಒಂದು ಊರಿನಲ್ಲಿ ಕಮ್ಮಾರ ತೆಲುಗಿನಲ್ಲಿ ಬೈಯುತ್ತಾನೆ, ಸಂತೆಯವಳು ತಮಿಳಿನಲ್ಲಿ ಚೌಕಾಸಿ ಮಾಡುತ್ತಾಳೆ, ಕಳರಿ ಕಲಿತು ಬಂದ ಅಲೆಮಾರಿ ಮಲಯಾಳದಲ್ಲಿ ಕಥೆ ಹೇಳುತ್ತಾನೆ, ಮನೆಯವರು ಕನ್ನಡದಲ್ಲಿ ಅಳುತ್ತಾರೆ. ಅವರೆಲ್ಲರ ಮಾತು ಬರೆಯಬೇಕು. ಆಡುವವನು ಹೇಗೆ ಸತ್ತರೆ ಕಲ್ಲಿನ ಮೇಲೆ ಯಾವ ಸಾಲು ಎಂದು ಸುಮಾರು ಇನ್ನೂರು ಬಗೆಯ ಬರಹ ಬೇಕು. ಹಳಗನ್ನಡದ ಗಂಧವಿರಬೇಕು, ಹುಡುಗರಿಗೆ ಅರ್ಥವೂ ಆಗಬೇಕು. ಈ ವಾರ್ಷಿಕದಲ್ಲಿ ಬರೆಯುವವರಿಗಿಂತ ಅದಕ್ಕೆ ಯೋಗ್ಯರು ನನಗೆ ಗೊತ್ತಿಲ್ಲ. ಸಂಭಾವನೆ ಇಲ್ಲ. ಜವಳಗಿರಿಗೆ ಬಂದರೆ ಮುದ್ದೆ ಊಟ ಉಂಟು. ರಾಗಿ ಕೊಯ್ಲಿನ ತಿಂಗಳಾದರೆ ಕತ್ತಲಾಗುವ ಮುಂಚೆ ಊರು ಸೇರಿಕೊಳ್ಳಿ.